256 ಬಣ್ಣದ ಟರ್ಮಿನಲ್‌ನಲ್ಲಿ ಫೋಟೊ ತೋರಿಸಿದರೆ ನೆರಳೆಲ್ಲ ಕೆಂಪಾಗುತ್ತಿದೆ, ಏಕೆ? (16 ಬಣ್ಣದ ಕನ್ಸೋಲ್‌ಗೂ ದಾರಿ ಬೇಕು)

ತೆರೆಚುಕ್ಕಿ

ಸರ್ವರ್‌ನಲ್ಲಿರುವ ಫೋಟೊಗಳ ಸಣ್ಣ ನೋಟವನ್ನು ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಟರ್ಮಿನಲ್‌ನಿಂದ ಹೋಗುವ ಸಂಪರ್ಕ) ಒಳಗೇ ತೋರಿಸುವ ಪೈಥಾನ್ ಸ್ಕ್ರಿಪ್ಟ್ ಇದು. ಟರ್ಮಿನಲ್ ಅಳತೆ 80×24. ಟರ್ಮಿನಲ್‌ಗೆ ಎಷ್ಟು ಬಣ್ಣ ಗೊತ್ತು ಎಂದು ಟಿಪುಟ್ ಕಲರ್ಸ್ ಆಜ್ಞೆಯಿಂದ ಕೇಳಿದರೆ 256 ಅನ್ನುತ್ತದೆ. ಈಗಿನ ಲೆಕ್ಕ ಹೀಗಿದೆ: ಪ್ರತಿ ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿಯನ್ನು 51ರಿಂದ ಭಾಗಿಸಿ, ಶೇಷ ಬಿಟ್ಟು, 0ರಿಂದ 5ರೊಳಗಿನ ಅಂಕೆ ಮಾಡಿಕೊಳ್ಳುವುದು, 16 + 36×ಕೆಂಪು + 6×ಹಸಿರು + ನೀಲಿ ಎಂದು ಕೂಡಿಸಿ, ಆ ಸಂಖ್ಯೆಯನ್ನು ಹಿನ್ನೆಲೆಗೆ ಕೊಟ್ಟು ಒಂದು ಸ್ಪೇಸ್ ಬರೆಯುವುದು.

ತೊಂದರೆಗಳು: ಮುಖದ ನೆರಳು, ಕೂದಲು, ಮರದ ಕಾಂಡ ಎಲ್ಲ ಕಡುಗೆಂಪು ತೇಪೆಗಳಾಗುತ್ತವೆ. ಚಿತ್ರ ಮೇಲಿಂದ ಕೆಳಗೆ ಎಳೆದ ಹಾಗೆ ಕಾಣುತ್ತದೆ. ಹಳೆಯದೊಂದು ಟರ್ಮಿನಲ್‌ನಲ್ಲಿ ಇಡೀ ಚಿತ್ರ ಮಿಟುಕುತ್ತದೆ. ಇದೇ ಸ್ಕ್ರಿಪ್ಟ್ 16 ಬಣ್ಣದ ಲಿನಕ್ಸ್ ಕನ್ಸೋಲ್‌ನಲ್ಲೂ ನಡೆಯಬೇಕು. ಸಿದ್ಧ ಸಾಧನ ಹೇಳಿದರೂ ಸರಿ, ಆದರೆ ತಪ್ಪು ಎಲ್ಲಿದೆ ಅನ್ನುವುದು ಗೊತ್ತಾಗಬೇಕು.

ಬೂದುಮೆಟ್ಟಿಲು

ಮೊದಲ ತಪ್ಪು 51ರಲ್ಲೇ ಇದೆ. ಆರು ಮಟ್ಟಗಳು 0, 51, 102, 153, 204, 255 ಎಂದು ನೀವು ಹಿಡಿದಿದ್ದೀರಿ. ಟರ್ಮಿನಲ್‌ಗಳು ಪಾಲಿಸುವ ಎಕ್ಸ್‌ಟರ್ಮ್ (ಹಳೆಯದೊಂದು ಟರ್ಮಿನಲ್ ಪ್ರೋಗ್ರಾಂ) ಪ್ಯಾಲೆಟ್‌ನಲ್ಲಿ, ಅಂದರೆ ಬಣ್ಣಪಟ್ಟಿಯಲ್ಲಿ, ಅವು 0, 95, 135, 175, 215, 255. ಸೊನ್ನೆಯಿಂದ ಮುಂದಿನ ಮೆಟ್ಟಿಲಿಗೆ 95ರ ಜಿಗಿತ, ಆಮೇಲೆ ಎಲ್ಲವೂ 40. ಕತ್ತಲ ಕಡೆಗೆ ದೊಡ್ಡದೊಂದು ಕಂದಕವೇ ಇದೆ ಅನ್ನಿ.

ಸರಿಯಾದ ಲೆಕ್ಕ ಇಷ್ಟೇ: ಚಾನೆಲ್ (ಕೆಂಪು, ಹಸಿರು, ನೀಲಿಯಲ್ಲಿ ಒಂದು) ಬೆಲೆ 48ಕ್ಕಿಂತ ಕಡಿಮೆ ಇದ್ದರೆ ಮಟ್ಟ 0, 115ಕ್ಕಿಂತ ಕಡಿಮೆ ಇದ್ದರೆ ಮಟ್ಟ 1, ಉಳಿದದ್ದಕ್ಕೆ 35 ಕಳೆದು 40ರಿಂದ ಭಾಗಿಸಿ ಶೇಷ ಬಿಡಿ.

ಇಷ್ಟಕ್ಕೇ ಕೆಂಪು ಹೋಗುವುದಿಲ್ಲ. ಕಡುಕಂದು ಬಣ್ಣವೊಂದನ್ನು ತೆಗೆದುಕೊಳ್ಳಿ: 60, 40, 30. ಸರಿಯಾದ ಲೆಕ್ಕದಲ್ಲೂ ಅದು 95, 0, 0 ಆಗುತ್ತದೆ, ಅಂದರೆ ಅಚ್ಚ ಕಡುಗೆಂಪು. ನಿಮ್ಮ ತೇಪೆಗಳು ಇವೇ. ಮದ್ದು ಇರುವುದು ಪ್ಯಾಲೆಟ್‌ನ ಕೊನೆಯಲ್ಲಿ: 232ರಿಂದ 255ರವರೆಗೆ 24 ಬೂದು ಬಣ್ಣಗಳು, 8ರಿಂದ ಶುರುವಾಗಿ ಹತ್ತತ್ತು ಏರುತ್ತ 238ರವರೆಗೆ. ಮೂರೂ ಚಾನೆಲ್‌ಗಳ ಸರಾಸರಿ ತೆಗೆದು, 3 ಕಳೆದು 10ರಿಂದ ಭಾಗಿಸಿದರೆ ಎಷ್ಟನೆಯ ಬೂದು ಎಂದು ಸಿಗುತ್ತದೆ (0ಕ್ಕಿಂತ ಕೆಳಗೂ 23ಕ್ಕಿಂತ ಮೇಲೂ ಹೋಗದಂತೆ ತಡೆಯಿರಿ). ಮೇಲಿನ ಕಂದು ಬಣ್ಣದ ಸರಾಸರಿ 43, ಬೂದು 4ನೆಯದು, ಅಂದರೆ 48, 48, 48.

ಈಗ ಎರಡನ್ನೂ ತೂಗಿ. ವ್ಯತ್ಯಾಸಗಳ ವರ್ಗಗಳ ಮೊತ್ತ ಕೆಂಪಿಗೆ 1225 + 1600 + 900 = 3725, ಬೂದಿಗೆ 144 + 64 + 324 = 532. ಬೂದು ಎಷ್ಟೋ ಹತ್ತಿರ. ಪ್ರತಿ ಪಿಕ್ಸೆಲ್‌ಗೂ ಘನದಿಂದ (ಮೇಲಿನ ಆರು ಮಟ್ಟಗಳ 6×6×6 ಬಣ್ಣಗಳಿಂದ) ಒಂದು, ಬೂದು ಸಾಲಿನಿಂದ ಒಂದು ಅಭ್ಯರ್ಥಿ ತೆಗೆದು, ಕಡಿಮೆ ಮೊತ್ತದ್ದನ್ನು ಆರಿಸಿ. ನೆರಳಿನ ಕೆಂಪು ಅಲ್ಲಿಗೆ ಮುಗಿಯುತ್ತದೆ.

ಕಪ್ಪುಬಿಳುಪು ಚಿತ್ರವಾದರೆ ಘನದ ಮೂಲೆಯಿಂದ ಮೂಲೆಗೆ ಹೋಗುವ 16, 59, 102, 145, 188, 231 ಎಂಬ ಆರನ್ನೂ ಸೇರಿಸಿಕೊಳ್ಳಿ. ಅವುಗಳ ಬೆಲೆ 24ರ ಸಾಲಿನ ಯಾವುದಕ್ಕೂ ಸರಿಹೊಂದದ ಕಾರಣ ಒಟ್ಟು 30 ಬೂದು ಮಟ್ಟಗಳು ಸಿಗುತ್ತವೆ.

ಕನ್ಸೋಲಿಗ

ಬೂದುಮೆಟ್ಟಿಲು ಅವರು ಹೇಳಿದ್ದು ಸರಿ. ಅದಕ್ಕೊಂದು ಎಚ್ಚರಿಕೆ ಸೇರಿಸಬೇಕು: 0ರಿಂದ 15ರವರೆಗಿನ ಬಣ್ಣಗಳನ್ನು 256ರ ಹುಡುಕಾಟದಲ್ಲಿ ಬಳಸಲೇಬೇಡಿ. ಅವುಗಳ ನಿಜವಾದ ಬೆಲೆಯನ್ನು ತೀರ್ಮಾನಿಸುವುದು ಬಳಕೆದಾರರ ಥೀಮ್. ಎಕ್ಸ್‌ಟರ್ಮ್‌ನ ಮೂಲ ಕೆಂಪು 205, 0, 0. ವಿಜಿಎ (ಹಳೆಯ ಪಿಸಿ ಪರದೆಯ ಮಾನದಂಡ) ಕೆಂಪು 170, 0, 0. ಕೆಲವು ಥೀಮ್‌ಗಳಲ್ಲಿ 'ಹೊಳೆಯುವ ಹಸಿರು' ಎನ್ನುವ ಜಾಗದಲ್ಲಿ ಬೂದು ಕೂತಿರುತ್ತದೆ. 16ರಿಂದ 255ರವರೆಗಿನ 240 ಬಣ್ಣಗಳನ್ನು ಥೀಮ್‌ಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಚಿತ್ರವನ್ನು ಟರ್ಮಿನಲ್ ಅಕ್ಷರಗಳಾಗಿಸುವ ಚಾಫಾ ಸಾಧನದ ಕಲರ್ಸ್ ಆಯ್ಕೆಗೆ 256 ಕೊಡುವ ಬದಲು 240 ಕೊಡಬಹುದು, ಅದು ಇರುವುದೇ ಈ ಕಾರಣಕ್ಕೆ. ಬೇರೆಯವರ ಟರ್ಮಿನಲ್‌ನಲ್ಲಿ ಕಾಣಬೇಕಾದ ಚಿತ್ರಕ್ಕೆ ಯಾವಾಗಲೂ 240.

ಮಿಟುಕುವುದಕ್ಕೆ ಕಾರಣ ಹೇಳುತ್ತೇನೆ. ನೀವು ಕಳಿಸುವುದು ಎಸ್ಕೇಪ್ (27ನೆಯ ಬೈಟ್), ಎಡ ಚೌಕ ಕಂಸ, 48;5;ಸಂಖ್ಯೆ, ಕೊನೆಗೆ ಎಂ ಅಕ್ಷರ. 256 ಬಣ್ಣ ಗೊತ್ತಿಲ್ಲದ ಟರ್ಮಿನಲ್ 48 ಏನೆಂದು ತಿಳಿಯದೆ ಅದನ್ನು ದಾಟಿ, 5 ಅನ್ನು ಬಿಡಿ ಆಜ್ಞೆಯಾಗಿ ಓದುತ್ತದೆ. 5 ಅಂದರೆ 'ಮಿಟುಕು'. ಮುಂದಿನ ಸಂಖ್ಯೆ 30ರಿಂದ 47ರೊಳಗೆ ಬಿದ್ದರೆ ಅದನ್ನೂ ಹಳೆಯ ಬಣ್ಣದ ಸಂಖ್ಯೆ ಎಂದುಕೊಂಡು ಎಲ್ಲಿಯದೋ ಬಣ್ಣ ಬಳಿಯುತ್ತದೆ. 24 ಬಿಟ್ ಬಣ್ಣ (ಕೆಂಪು, ಹಸಿರು, ನೀಲಿಯ ಬೆಲೆಗಳನ್ನೇ ನೇರ ಹೇಳುವುದು) ಕಳಿಸಿದಾಗಲೂ ಇದೇ ಪಾಡು: 38;2 ಎಂಬಲ್ಲಿ 2 'ಮಂಕು' ಎಂದಾಗುತ್ತದೆ, ಮುಂದಿನ ಮೂರು ಅಂಕೆಗಳು ಬಿಡಿ ಆಜ್ಞೆಗಳಾಗುತ್ತವೆ. ಮಿಟುಕುವ ಚಿತ್ರ ಕಂಡರೆ ಬೇರೆಲ್ಲೂ ಹುಡುಕಬೇಡಿ, ಆ ಟರ್ಮಿನಲ್‌ಗೆ 16 ಬಣ್ಣದ ದಾರಿಯೇ ಗತಿ.

ಅರ್ಧಚೌಕ

ಉದ್ದಕ್ಕೆ ಎಳೆದಂತೆ ಕಾಣುವುದು ಸೆಲ್ಲಿನ ಆಕಾರದಿಂದ. ಅಕ್ಷರದ ಒಂದು ಸೆಲ್ ಸುಮಾರು 1:2, ಅಗಲಕ್ಕಿಂತ ಎತ್ತರ ಎರಡು ಪಟ್ಟು. ಒಂದು ಸೆಲ್ಲಿಗೆ ಒಂದು ಪಿಕ್ಸೆಲ್ ಹಾಕಿದರೆ ಚೌಕ ಪಿಕ್ಸೆಲ್ ನಿಂತ ಇಟ್ಟಿಗೆಯಾಗುತ್ತದೆ.

ಸ್ಪೇಸ್ ಬಿಟ್ಟು ▀ ಬಳಸಿ (ಯೂನಿಕೋಡ್ 2580). ಮುನ್ನೆಲೆ ಬಣ್ಣ ಮೇಲಿನ ಪಿಕ್ಸೆಲ್, ಹಿನ್ನೆಲೆ ಬಣ್ಣ ಕೆಳಗಿನ ಪಿಕ್ಸೆಲ್. 80×24 ಪರದೆ 80×48 ಪಿಕ್ಸೆಲ್ ಆಗುತ್ತದೆ, ಪಿಕ್ಸೆಲ್‌ಗಳು ಹೆಚ್ಚುಕಡಿಮೆ ಚೌಕ. ಪ್ರಾಂಪ್ಟ್‌ಗೆ ಒಂದು ಸಾಲು ಬಿಡಬೇಕಾದ್ದರಿಂದ 80×46ಕ್ಕೆ ಚಿತ್ರ ಕುಗ್ಗಿಸಿ. ಎತ್ತರ ಬೆಸ ಸಂಖ್ಯೆಯಾದರೆ ಕೊನೆಯ ಸಾಲಿನ ಕೆಳ ಅರ್ಧಕ್ಕೆ 49 ಕಳಿಸಿ, ಟರ್ಮಿನಲ್‌ನ ಸ್ವಂತ ಹಿನ್ನೆಲೆ ಉಳಿಯುತ್ತದೆ.

ಪ್ರತಿ ಸಾಲಿನ ಕೊನೆಯಲ್ಲಿ, ಹೊಸ ಸಾಲಿಗೆ ಹೋಗುವ *ಮೊದಲು*, ಬಣ್ಣವನ್ನು 0 ಕಳಿಸಿ ತೆಗೆದುಬಿಡಿ. ಇಲ್ಲವಾದರೆ ಪರದೆಯ ತಳದಲ್ಲಿ ಸಾಲು ಮೇಲಕ್ಕೆ ಸರಿದಾಗ ಹೊಸ ಸಾಲಿಡೀ ಕೊನೆಯ ಪಿಕ್ಸೆಲ್‌ನ ಹಿನ್ನೆಲೆ ಬಣ್ಣದಿಂದ ತುಂಬಿಕೊಳ್ಳುತ್ತದೆ. ಚಿತ್ರದ ಬಲಕ್ಕೆ ಬಣ್ಣದ ಪಟ್ಟೆಗಳು ಹರಿದಿದ್ದರೆ ಕಾರಣ ಇದು.

ಬ್ರೈಲ್‌ಚುಕ್ಕಿ

ಅರ್ಧಚೌಕ ಅವರೇ, ಬ್ರೈಲ್ ಅಕ್ಷರಗಳಲ್ಲಿ ಒಂದು ಸೆಲ್ಲಿಗೆ 2×4 = 8 ಚುಕ್ಕಿ ಸಿಗುತ್ತವಲ್ಲ, 80×24ರಲ್ಲಿ 160×96. ಅದನ್ನೇಕೆ ಬಿಡಬೇಕು?

ಅರ್ಧಚೌಕ

ಚುಕ್ಕಿ ಎಂಟಾದರೂ ಬಣ್ಣ ಎರಡೇ. ಒಂದು ಸೆಲ್ಲಿಗೆ ಒಂದು ಮುನ್ನೆಲೆ, ಒಂದು ಹಿನ್ನೆಲೆ, ಇದನ್ನು ಯಾರೂ ಮೀರಲಾಗದು. ಮೇಲಾಗಿ ಬ್ರೈಲ್ ಚುಕ್ಕಿಗಳ ನಡುವೆ ಖಾಲಿ ಜಾಗ ಇರುತ್ತದೆ. ಎಂಟೂ ಚುಕ್ಕಿ ಇಟ್ಟರೂ ಸೆಲ್ ತುಂಬುವುದಿಲ್ಲ, ಬಿಳಿ ಪ್ರದೇಶ ಮಂಕು ಬೂದಾಗಿ ಕಾಣುತ್ತದೆ. ಗೆರೆಚಿತ್ರ, ನಕ್ಷೆ, ಗ್ರಾಫ್, ಸಹಿ ಇಂಥವಕ್ಕೆ ಬ್ರೈಲ್ ಸೊಗಸು. ಮುಖಕ್ಕೆ, ಆಕಾಶಕ್ಕೆ ಬೇಡ.

ನಡುದಾರಿ ಬೇಕಿದ್ದರೆ ಕಾಲುಚೌಕಗಳಿವೆ (▖▗▘▝ ಮತ್ತು ಜೊತೆಯವು), 2×2. ಯೂನಿಕೋಡ್ 13ರಲ್ಲಿ, 2020ರಲ್ಲಿ, 2×3ರ ಚೌಕಗಳು ಬಂದವು. 2024ರ ಯೂನಿಕೋಡ್ 16ರಲ್ಲಿ 2×4ರ ತುಂಬಿದ ಚೌಕಗಳೂ ಬಂದವು. ಇವನ್ನು ಬಳಸುವಾಗ ಕ್ರಮ ಬದಲಾಗುತ್ತದೆ: ಸೆಲ್ಲಿನ ಎಲ್ಲ ಪಿಕ್ಸೆಲ್‌ಗಳನ್ನು ಎರಡು ಗುಂಪು ಮಾಡಿ, ಗುಂಪಿಗೊಂದು ಬಣ್ಣ ಕೊಟ್ಟು, ಒಟ್ಟು ತಪ್ಪು ಕಡಿಮೆಯಾಗುವ ಆಕಾರವನ್ನು ಆರಿಸಬೇಕು. ಚಾಫಾ ಮಾಡುವುದು ಈ ಕೆಲಸವನ್ನೇ. ವರ್ಕ್ ಎಂಬ ಆಯ್ಕೆಗೆ 9 ಕೊಟ್ಟರೆ ಹೆಚ್ಚು ಆಕಾರಗಳನ್ನು ಪರೀಕ್ಷಿಸುತ್ತದೆ, ನಿಧಾನವಾಗುತ್ತದೆ. ಆದರೆ ಫಾಂಟ್‌ನಲ್ಲಿ ಆ ಆಕಾರಗಳೇ ಇಲ್ಲದಿದ್ದರೆ ಪರದೆ ತುಂಬ ಖಾಲಿ ಪೆಟ್ಟಿಗೆಗಳು ಬರುತ್ತವೆ. ಓದುವವರ ಯಂತ್ರ ಯಾವುದೆಂದು ತಿಳಿಯದಿದ್ದಾಗ ▀ ಒಂದನ್ನೇ ನಂಬುವುದು ಒಳ್ಳೆಯದು.

ತೆರೆಚುಕ್ಕಿ

ಬೂದು ಸಾಲು ಸೇರಿಸಿ ▀ಗೆ ಬದಲಿಸಿದ ಮೇಲೆ ನೆರಳು ಸರಿಯಾಯಿತು, ಆಕಾರವೂ ಸರಿ. ಎಲ್ಲರಿಗೂ ಧನ್ಯವಾದ. ಉಳಿದದ್ದು ಎರಡು: ಆಕಾಶದಲ್ಲಿ ಪಟ್ಟೆ ಪಟ್ಟೆಯಾಗಿ ಬಣ್ಣ ಬದಲಾಗುವುದು, ಮತ್ತು 16 ಬಣ್ಣದ ಕನ್ಸೋಲ್. ಡಿಥರಿಂಗ್‌ಗೆ (ಇಲ್ಲದ ಬಣ್ಣವನ್ನು ಇರುವ ಬಣ್ಣಗಳ ಚುಕ್ಕಿ ಬೆರೆಸಿ ತೋರಿಸುವುದು) ಫ್ಲಾಯ್ಡ್–ಸ್ಟೈನ್‌ಬರ್ಗ್, ಅಂದರೆ ಪ್ರತಿ ಪಿಕ್ಸೆಲ್‌ನ ತಪ್ಪನ್ನು ನೆರೆಯವಕ್ಕೆ ಹಂಚುವ ವಿಧಾನ, ಹಾಕಿದರೆ ಪಟ್ಟೆ ಹೋಗುತ್ತದೆ, ಆದರೆ ಚಿತ್ರ ತೊಳೆದ ಹಾಗೆ ಬಿಳಿಚಿಕೊಳ್ಳುತ್ತದೆ.

ಬೂದುಮೆಟ್ಟಿಲು

ಬಿಳಿಚಿಕೊಳ್ಳುವುದು ಗಾಮಾದಿಂದ, ಅಂದರೆ ಫೈಲಿನ ಅಂಕೆಗೂ ಬೆಳಕಿಗೂ ನೇರ ಅನುಪಾತ ಇಲ್ಲದಿರುವುದರಿಂದ. ಫೈಲಿನಲ್ಲಿರುವ 128 ಅರ್ಧ ಬೆಳಕಲ್ಲ. ಬೆಳಕಿನ ಲೆಕ್ಕದಲ್ಲಿ ಅದು ಸುಮಾರು ಶೇ. 21.6. ನಿಜವಾದ ಅರ್ಧ ಬೆಳಕು 188ರ ಹತ್ತಿರ ಇದೆ. ಕಪ್ಪು–ಬಿಳಿ ಎರಡೇ ಬಣ್ಣದಲ್ಲಿ 128 ತೋರಿಸಲು ಹೋಗಿ ಅರ್ಧಕ್ಕರ್ಧ ಬಿಳಿ ಚುಕ್ಕಿ ಇಟ್ಟರೆ ಕಣ್ಣು 188 ನೋಡುತ್ತದೆ. ಆದ್ದರಿಂದ ಮೊದಲು ಎಸ್‌ಆರ್‌ಜಿಬಿಯನ್ನು (ಫೈಲಿನಲ್ಲಿರುವ ಬಣ್ಣದ ಅಂಕೆಗಳನ್ನು) ನೇರ ಬೆಳಕಿನ ಬೆಲೆಗೆ ತಿರುಗಿಸಿ, ತಪ್ಪನ್ನು ಅಲ್ಲಿ ಹಂಚಿ. ಪ್ಯಾಲೆಟ್‌ನ ಬಣ್ಣಗಳನ್ನೂ ಹಾಗೇ ತಿರುಗಿಸಿಟ್ಟುಕೊಳ್ಳಬೇಕು.

ಕುಗ್ಗಿಸುವಾಗಲೂ ಇದೇ ನಿಯಮ. ನೇರ ಬೆಳಕಿನಲ್ಲಿ ಸರಾಸರಿ ತೆಗೆಯದಿದ್ದರೆ ರಾತ್ರಿಯ ದೀಪಗಳು, ಕೂದಲ ಅಂಚಿನ ಹೊಳಪು ಸತ್ತುಹೋಗುತ್ತವೆ. ಕ್ರಮವೂ ಮುಖ್ಯ: ಮೊದಲು ಕುಗ್ಗಿಸಿ, ಆಮೇಲೆ ತುಸು ಚೂಪು ಮಾಡಿ, ಕೊನೆಗೆ ಬಣ್ಣ ಇಳಿಸಿ. ಡಿಥರ್ ಮಾಡಿದ ಮೇಲೆ ಕುಗ್ಗಿಸಿದರೆ ಇಟ್ಟ ಚುಕ್ಕಿಗಳೆಲ್ಲ ಮತ್ತೆ ಕಲಸಿಹೋಗುತ್ತವೆ.

ಹಂಚುವ ಪಾಲು: ಬಲಕ್ಕೆ 7/16, ಕೆಳಗಿನ ಎಡಕ್ಕೆ 3/16, ನೇರ ಕೆಳಕ್ಕೆ 5/16, ಕೆಳಗಿನ ಬಲಕ್ಕೆ 1/16. ಒಂದು ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ (ಪಾಲುಗಳನ್ನೂ ಕನ್ನಡಿಯಂತೆ ತಿರುಗಿಸಿ) ನಡೆದರೆ ಹುಳುವಿನಂಥ ಗೆರೆಗಳು ಕಡಿಮೆಯಾಗುತ್ತವೆ.

ಕನ್ಸೋಲಿಗ

80×46ರಷ್ಟು ಸಣ್ಣ ಚಿತ್ರಕ್ಕೆ ಪೂರ್ತಿ ಬಲದ ಫ್ಲಾಯ್ಡ್–ಸ್ಟೈನ್‌ಬರ್ಗ್ ಬೇಡ ಅನ್ನುವುದು ನನ್ನ ವಾದ. ಪ್ರತಿ ಪಿಕ್ಸೆಲ್ ಇಲ್ಲಿ ಸೆಲ್ಲಿನ ಅರ್ಧ, ಬೆರಳಿಟ್ಟು ತೋರಿಸುವಷ್ಟು ದೊಡ್ಡದು. ಮುದ್ರಿತ ಹಾಳೆಯ ಹಾಗೆ ಕಣ್ಣು ಚುಕ್ಕಿಗಳನ್ನು ಬೆರೆಸುವುದಿಲ್ಲ. ತಪ್ಪು ಪಕ್ಕಕ್ಕೆ ಹರಿದು ಕಣ್ಣು, ತುಟಿಯಂಥ ಎರಡು–ಮೂರು ಪಿಕ್ಸೆಲ್‌ಗಳ ವಿವರ ಕೆಡುತ್ತದೆ. 240 ಬಣ್ಣ ಇದ್ದಾಗ ತಪ್ಪಿನ ಅರ್ಧ ಭಾಗವನ್ನು ಮಾತ್ರ ಹಂಚಿ, ಇಲ್ಲವೇ 4×4 ಬೇಯರ್ ಮಾತೃಕೆಯನ್ನು (ಪಿಕ್ಸೆಲ್‌ನ ಜಾಗಕ್ಕೆ ತಕ್ಕಂತೆ ಕೂಡಿಸುವ ಅಂಕೆಗಳ ಚೌಕ) ಕಡಿಮೆ ಬಲದಲ್ಲಿ ಹಾಕಿ:

0 8 2 10
12 4 14 6
3 11 1 9
15 7 13 5

ಪ್ರತಿ ಅಂಕೆಗೆ 0.5 ಕೂಡಿಸಿ, 16ರಿಂದ ಭಾಗಿಸಿ, 0.5 ಕಳೆಯಿರಿ, ಬಂದದ್ದನ್ನು ಬಣ್ಣದ ಮೆಟ್ಟಿಲಿನ ಅಂತರದಿಂದ ಗುಣಿಸಿ ಪಿಕ್ಸೆಲ್‌ಗೆ ಕೂಡಿಸಿ. 240ರಲ್ಲಿ ಅಂತರ 40 ಎಂದು ಹಿಡಿಯಿರಿ. ಚಲಿಸುವ ಚಿತ್ರಕ್ಕಂತೂ ಬೇಯರ್ ಒಂದೇ ದಾರಿ. ತಪ್ಪು ಹಂಚುವ ವಿಧಾನದಲ್ಲಿ ಒಂದು ಪಿಕ್ಸೆಲ್ ಬದಲಾದರೆ ಅದರ ಮುಂದಿನವೆಲ್ಲ ಕದಲಿ ಇಡೀ ಚೌಕಟ್ಟು ಕುದಿಯುವ ಹಾಗೆ ಕಾಣುತ್ತದೆ.

ಬೂದುಮೆಟ್ಟಿಲು

ಚಲಿಸುವ ಚಿತ್ರದ ಬಗ್ಗೆ ಒಪ್ಪಿದೆ. ನಿಶ್ಚಲ ಫೋಟೊಗೆ, ಅದರಲ್ಲೂ 16 ಬಣ್ಣಕ್ಕೆ, ಬೇಯರ್‌ನ ಜಾಲರಿ ಮುಖದ ಮೇಲೆ ಎದ್ದು ಕಾಣುತ್ತದೆ. ಅಲ್ಲಿ ನಾನು ತಪ್ಪು ಹಂಚುವ ಕಡೆಯೇ ಇರುತ್ತೇನೆ. ಆಟ್ಕಿನ್ಸನ್ ವಿಧಾನವನ್ನೂ ನೋಡಿ. ಆರು ನೆರೆಯವರಿಗೆ ತಲಾ 1/8, ಒಟ್ಟು 6/8 ಮಾತ್ರ ಹಂಚುತ್ತದೆ, ಉಳಿದದ್ದನ್ನು ಬಿಟ್ಟುಬಿಡುತ್ತದೆ. ತೀರ ಕಪ್ಪು, ತೀರ ಬಿಳಿ ಜಾಗಗಳ ವಿವರ ಹೋಗುತ್ತದೆ, ಬದಲಿಗೆ ನಡುವಿನ ಭಾಗ ಗಟ್ಟಿಯಾಗಿ ನಿಲ್ಲುತ್ತದೆ. ಸಣ್ಣ ಚಿತ್ರಕ್ಕೆ ಈ ವ್ಯಾಪಾರ ಲಾಭದ್ದೇ.

ಕನ್ಸೋಲಿಗ

ಈಗ 16 ಬಣ್ಣ. ಇಲ್ಲಿ ಕಟ್ಟುಪಾಡುಗಳು ಬೇರೆ.

ಲಿನಕ್ಸ್ ಕನ್ಸೋಲ್‌ನಲ್ಲಿ ಮುನ್ನೆಲೆಗೆ 30–37 ಮತ್ತು ಹೊಳೆಯುವ 90–97, ಒಟ್ಟು 16. ಹಿನ್ನೆಲೆಗೆ 40–47 ಮಾತ್ರ, ಎಂಟೇ. 100–107 ಕಳಿಸಿದರೆ ಅದನ್ನು 40–47 ಎಂದೇ ಓದುತ್ತದೆ, ಹೊಳಪು ಬರುವುದಿಲ್ಲ. ಬರಿಯ ▀ ಬಳಸಿದರೆ ಕೆಳಗಿನ ಪಿಕ್ಸೆಲ್‌ಗಳೆಲ್ಲ ಮಂಕಾಗಿ, ಚಿತ್ರದಲ್ಲಿ ಅಡ್ಡ ಗೆರೆಗಳು ಕಾಣುತ್ತವೆ. ಉಪಾಯ: ಹೊಳೆಯುವ ಬಣ್ಣ ಕೆಳಗಿದ್ದರೆ ▄ ಬರೆದು ಅದನ್ನು ಮುನ್ನೆಲೆ ಮಾಡಿ, ಮೇಲಿದ್ದರೆ ▀. ಎರಡೂ ಒಂದೇ ಹೊಳೆಯುವ ಬಣ್ಣವಾದರೆ █. ಎರಡೂ ಬೇರೆಬೇರೆ ಹೊಳೆಯುವ ಬಣ್ಣಗಳಾದರೆ ಒಂದನ್ನು ಅದರ ಮಂಕು ಜೋಡಿ ಬಣ್ಣಕ್ಕೆ ಇಳಿಸಲೇಬೇಕು. ಯಾವುದನ್ನು ಇಳಿಸಿದರೆ ತಪ್ಪು ಕಡಿಮೆ ಎಂದು ಲೆಕ್ಕ ಹಾಕಿ, ಉಳಿದ ತಪ್ಪನ್ನು ಡಿಥರ್‌ಗೆ ಸೇರಿಸಿ. ಅಂದರೆ ಡಿಥರಿಂಗ್ ಪಿಕ್ಸೆಲ್ ಸಾಲಿನಲ್ಲಿ ನಡೆಯದೆ ಸೆಲ್ ಸಾಲಿನಲ್ಲಿ, ಎರಡೆರಡು ಪಿಕ್ಸೆಲ್‌ಗಳನ್ನು ಒಟ್ಟಿಗೆ ನೋಡುತ್ತ ನಡೆಯಬೇಕು. ಬಹಳ ಸ್ಕ್ರಿಪ್ಟ್‌ಗಳು ಎಡವುವುದು ಇಲ್ಲಿ.

ಪ್ಯಾಲೆಟ್ ಬೆಲೆ: ವಿಜಿಎ ಮೂಲದಲ್ಲಿ ಮಂಕು ಬಣ್ಣಗಳಿಗೆ 0 ಮತ್ತು 170, ಹೊಳೆಯುವವಕ್ಕೆ 85 ಮತ್ತು 255. ಹಳದಿ ಮಾತ್ರ ಬೇರೆ: ಮಂಕು ಹಳದಿ 170, 170, 0 ಅಲ್ಲ, 170, 85, 0, ಅಂದರೆ ಕಂದು. ಇದನ್ನು ಮರೆತರೆ ಚರ್ಮದ ಬಣ್ಣ ಕೆಟ್ಟಿತು ಅಂತಲೇ ಲೆಕ್ಕ. ಯಾಕೆಂದರೆ 16ರಲ್ಲಿ ಚರ್ಮಕ್ಕೆ ಹತ್ತಿರದ್ದು ಈ ಕಂದೊಂದೇ.

ಬ್ರೈಲ್ ಇಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಕನ್ಸೋಲ್ ಫಾಂಟ್‌ಗೆ 256 ಅಥವಾ 512 ಆಕಾರಗಳಷ್ಟೇ ಮಿತಿ. ವಿಜಿಎ ಪಠ್ಯ ಸ್ಥಿತಿಯಲ್ಲಿ 512ರ ಫಾಂಟ್ ಹಾಕಿದರೆ ಹೊಳಪಿನ ಬಿಟ್ ಫಾಂಟ್‌ಗೆ ಹೋಗಿ ಮುನ್ನೆಲೆಯೂ 8 ಬಣ್ಣಕ್ಕೆ ಇಳಿಯುತ್ತದೆ. ▀ ▄ █ ░ ▒ ▓ ಇಷ್ಟು ಇದ್ದೇ ಇರುತ್ತವೆ.

ವಿವರಕ್ಕಿಂತ ಬಣ್ಣ ಮುಖ್ಯವಾದರೆ ░ ▒ ▓ ಬಳಸಿ. ಅವು ಮುನ್ನೆಲೆಯನ್ನು ಸುಮಾರು ಶೇ. 25, 50, 75ರಷ್ಟು ಹಿನ್ನೆಲೆಗೆ ಬೆರೆಸುತ್ತವೆ. ಎತ್ತರದ ಅರ್ಧ ವಿವರ ಕಳೆದುಕೊಂಡು ನೂರಾರು ಮಿಶ್ರಬಣ್ಣ ಪಡೆದ ಹಾಗೆ. ಮಿಶ್ರಣದ ಬೆಲೆಯನ್ನೂ ನೇರ ಬೆಳಕಿನಲ್ಲೇ ಲೆಕ್ಕ ಹಾಕಿ. ಒಂದಕ್ಕೊಂದು ತೀರ ದೂರದ ಜೋಡಿಗಳನ್ನು, ಉದಾಹರಣೆಗೆ ಹೊಳೆಯುವ ಕೆಂಪು–ಮಂಕು ಸಯಾನ್, ಪಟ್ಟಿಯಿಂದ ತೆಗೆದುಹಾಕಿ. ಲೆಕ್ಕಕ್ಕೆ ಬೂದು ಬಂದರೂ ಕಣ್ಣಿಗೆ ಕಾಣುವುದು ಕೆಂಪು ಮರಳು.

ಬ್ರೈಲ್‌ಚುಕ್ಕಿ

16 ಬಣ್ಣಗಳನ್ನೇ ಬದಲಿಸಿಬಿಡಬಹುದಲ್ಲ? ಚಿತ್ರಕ್ಕೆ ತಕ್ಕ 16 ಬಣ್ಣ ಆರಿಸಿ ಪ್ಯಾಲೆಟ್‌ಗೆ ತುಂಬಿದರೆ?

ಕನ್ಸೋಲಿಗ

ಆಗುತ್ತದೆ, ಫಲಿತಾಂಶ ಬೆರಗು ಹುಟ್ಟಿಸುವಷ್ಟು ಚೆನ್ನಾಗಿರುತ್ತದೆ. ಲಿನಕ್ಸ್ ಕನ್ಸೋಲ್‌ನಲ್ಲಿ ಎಸ್ಕೇಪ್, ಬಲ ಚೌಕ ಕಂಸ, ದೊಡ್ಡಕ್ಷರ ಪಿ, ಆಮೇಲೆ ಏಳು ಷೋಡಶ ಅಂಕೆ (0–9, ಎ–ಎಫ್): ಒಂದು ಬಣ್ಣದ ಸಂಖ್ಯೆ, ಎರಡೆರಡು ಕೆಂಪು, ಹಸಿರು, ನೀಲಿ. ಹಿಂದಿರುಗಿಸಲು ಎಸ್ಕೇಪ್, ಬಲ ಚೌಕ ಕಂಸ, ದೊಡ್ಡಕ್ಷರ ಆರ್.

ಹಿನ್ನೆಲೆಗೆ ಸಿಗುವುದು 0–7 ಮಾತ್ರವಾದ್ದರಿಂದ, ಚಿತ್ರದಲ್ಲಿ ಅತಿ ಹೆಚ್ಚು ಬರುವ ಬಣ್ಣಗಳನ್ನು ಆ ಎಂಟರಲ್ಲಿ ಇಡಿ. ಚಿತ್ರ ಪರದೆಯ ಮೇಲೆ ಉಳಿದು ಪ್ರಾಂಪ್ಟ್ ಕೂಡ ಕಾಣಬೇಕಿದ್ದರೆ 0 ಮತ್ತು 7ನ್ನು ಮುಟ್ಟದೆ ಉಳಿದ 14 ಬಣ್ಣಗಳನ್ನು ಮಾತ್ರ ಬದಲಿಸಿ.

ಈ ಆಜ್ಞೆಗೆ ಕೊನೆಯ ಗುರುತು ಇಲ್ಲ, ಅದೇ ಅಪಾಯ. ಎಕ್ಸ್‌ಟರ್ಮ್‌ಗೆ ಇದನ್ನು ಕಳಿಸಿದರೆ ಅದು ಕೊನೆಯ ಗುರುತಿಗೆ ಕಾಯುತ್ತ ಮುಂದಿನ ಬರಹವನ್ನೆಲ್ಲ ನುಂಗುತ್ತದೆ, ಪರದೆ ಸತ್ತ ಹಾಗೆ ಕಾಣುತ್ತದೆ. ಟರ್ಮಿನಲ್ ಯಾವುದೆಂದು ಹೇಳುವ ಟರ್ಮ್ ಚಲಕದ ಬೆಲೆ ಲಿನಕ್ಸ್ ಎಂದೇ ಇದೆಯೇ ಎಂದು ನೋಡಿ ಆಮೇಲೆ ಕಳಿಸಿ. ಎಕ್ಸ್‌ಟರ್ಮ್ ಬಗೆಯವಕ್ಕೆ ಓಎಸ್‌ಸಿ 4 (ಎಸ್ಕೇಪ್, ಬಲ ಚೌಕ ಕಂಸ, 4 ಎಂದು ಶುರುವಾಗುವ ಆಜ್ಞೆ) ಇದೆ, ಹಿಂದಿರುಗಿಸಲು ಓಎಸ್‌ಸಿ 104. ಅದೇ 4ರಲ್ಲಿ ಬೆಲೆಯ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಕಳಿಸಿದರೆ ಈಗಿರುವ ಬಣ್ಣವನ್ನೇ ಉತ್ತರವಾಗಿ ಕೊಡುತ್ತದೆ. ಥೀಮ್‌ನ 16 ಬಣ್ಣ ತಿಳಿಯಲು ನಂಬಬಹುದಾದ ದಾರಿ ಇದು. ಉತ್ತರ ಬಾರದೆಯೂ ಇರಬಹುದು, ಕಾಯುವ ಸಮಯಕ್ಕೆ ಮಿತಿ ಹಾಕಿ.

ತಂತಿಯೆಣಿಕೆ

ಬೈಟ್‌ಗಳ ಲೆಕ್ಕವನ್ನೂ ನೋಡಿಕೊಳ್ಳಿ, ಸೀರಿಯಲ್ ತಂತಿಯ ಮೇಲೆ ಅದೇ ದೊಡ್ಡದು. ▀ ಒಂದಕ್ಕೆ 3 ಬೈಟ್. ಎರಡೂ ಬಣ್ಣ ಒಂದೇ ಆಜ್ಞೆಯಲ್ಲಿ ಹೋದರೆ, ಅತಿ ಹೆಚ್ಚೆಂದರೆ ಸೆಲ್ಲಿಗೆ 24 ಬಿಟ್‌ನಲ್ಲಿ 39, 256ರಲ್ಲಿ 23, ಎಂಟೆಂಟು ಬಣ್ಣದಲ್ಲಿ 11 ಬೈಟ್. 1920 ಸೆಲ್‌ಗಳಿಗೆ 74,880, 44,160, 21,120. 115200 ಬಾಡ್‌ನಲ್ಲಿ ಸೆಕೆಂಡಿಗೆ 11,520 ಬೈಟ್. ಅಂದರೆ ಸುಮಾರು 6.5, 3.8, 1.8 ಸೆಕೆಂಡ್. 9600 ಬಾಡ್‌ನಲ್ಲಿ ಅತಿ ಚಿಕ್ಕದಕ್ಕೇ 22 ಸೆಕೆಂಡ್.

ಹಿಂದಿನ ಸೆಲ್ಲಿಗಿಂತ ಬದಲಾದ ಬಣ್ಣವನ್ನು ಮಾತ್ರ ಕಳಿಸಿ. ಮೇಲೆ ಕೆಳಗೆ ಒಂದೇ ಬಣ್ಣವಾದರೆ ▀ ಬದಲು ಸ್ಪೇಸ್ ಸಾಕು, 1 ಬೈಟ್; ಮುನ್ನೆಲೆ ಕಳಿಸುವ ಅಗತ್ಯವೂ ಇಲ್ಲ. ಡಿಥರಿಂಗ್ ಈ ಉಳಿತಾಯವನ್ನು ತಿಂದುಹಾಕುತ್ತದೆ. ನಿಧಾನದ ತಂತಿಯಲ್ಲಿ ಡಿಥರ್ ತೆಗೆಯಲು ಇದೂ ಒಂದು ಕಾರಣ.

ತೆರೆಚುಕ್ಕಿ

ಮತ್ತೊಂದು: ನೇರವಾಗಿ ನೋಡಿದರೆ 24 ಬಿಟ್ ಬಣ್ಣ ಬರುವ ಟರ್ಮಿನಲ್‌ನಲ್ಲೇ ಎಸ್‌ಎಸ್‌ಎಚ್ ಮತ್ತು ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ಕಿಟಕಿ ನಡೆಸುವ ಸಾಧನ) ಒಳಗೆ ಹೋದರೆ 256ಕ್ಕೆ ಇಳಿಯುತ್ತದೆ.

ಅರ್ಧಚೌಕ

ಎರಡು ಬೇರೆ ಬೇರೆ ಕಾರಣ. ಎಸ್‌ಎಸ್‌ಎಚ್ ಟರ್ಮ್ ಚಲಕವನ್ನು ತಾನಾಗಿ ಆಚೆಗೆ ಕೊಡುತ್ತದೆ, 24 ಬಿಟ್ ಬಣ್ಣ ಇದೆಯೆಂದು ತಿಳಿಸುವ ಕಲರ್‌ಟರ್ಮ್ ಅನ್ನು ಹೇಳದೆ ಕೊಡುವುದಿಲ್ಲ. ಈ ಕಡೆ ಸೆಂಡ್‌ಎನ್ವ್, ಸರ್ವರ್ ಕಡೆ ಆಕ್ಸೆಪ್ಟ್‌ಎನ್ವ್ ಎರಡರಲ್ಲೂ ಅದರ ಹೆಸರು ಸೇರಿಸಬೇಕು. ಟಿಮಕ್ಸ್‌ಗೆ ಹೊರಗಿನ ಟರ್ಮಿನಲ್‌ನ ಶಕ್ತಿ ಹೇಳಬೇಕು: 3.2ರಿಂದ ಟರ್ಮಿನಲ್-ಫೀಚರ್ಸ್‌ನಲ್ಲಿ ಆರ್‌ಜಿಬಿ, ಅದಕ್ಕಿಂತ ಹಳೆಯದಾದರೆ ಟರ್ಮಿನಲ್-ಓವರ್‌ರೈಡ್ಸ್‌ನಲ್ಲಿ ಟಿಸಿ. ಹೇಳದಿದ್ದರೆ ಅದು 24 ಬಿಟ್ ಬಣ್ಣವನ್ನು ತಾನೇ 256ರ ಹತ್ತಿರದ್ದಕ್ಕೆ ಇಳಿಸುತ್ತದೆ, ಡಿಥರ್ ಇಲ್ಲದೆ. ಸರಿಪಡಿಸಲಾಗದಿದ್ದರೆ ಮೊದಲೇ 240ಕ್ಕೆ ನೀವೇ ಇಳಿಸಿ ಕಳಿಸುವುದು ಮೇಲು. ಆಗ ಡಿಥರ್ ನಿಮ್ಮ ಕೈಯಲ್ಲಿರುತ್ತದೆ.

ಬಣ್ಣ ಸರಿ ಇದ್ದೂ ಚಿತ್ರ ಹಾಳಾಗುವ ಇನ್ನು ಮೂರು ಸಂದರ್ಭ. ಸಾಲುಗಳ ನಡುವೆ ತೆಳು ಗೆರೆ ಕಂಡರೆ ಸಾಲಿನ ಅಂತರವನ್ನು 1ಕ್ಕೆ ಇಳಿಸಿ. ಕಿಟ್ಟಿ, ಫೂಟ್‌ನಂಥವು ಚೌಕಗಳನ್ನು ಫಾಂಟ್‌ನಿಂದ ತೆಗೆಯದೆ ತಾವೇ ಬಿಡಿಸುವುದರಿಂದ ಅಲ್ಲಿ ಈ ಕಾಟವಿಲ್ಲ. ಚಿತ್ರದ ಅಗಲ ಎರಡು ಪಟ್ಟಾಗಿ ಸಾಲು ಮುರಿದರೆ 'ಅನಿಶ್ಚಿತ ಅಗಲ'ದ ಅಕ್ಷರಗಳನ್ನು ಎರಡು ಸೆಲ್ ಎಂದು ಹಿಡಿಯುವ ಆಯ್ಕೆ ಹಾಕಿರುತ್ತದೆ. ▀ ▄ ಎರಡೂ ಆ ಗುಂಪಿನವು. ಎರಡು ಹತ್ತಿರದ ಬಣ್ಣಗಳಿರುವ ಸೆಲ್‌ಗಳಲ್ಲಿ ಮಾತ್ರ ಅರ್ಧ ಭಾಗ ತೀರ ಬಿಳಿ ಅಥವಾ ಕಪ್ಪಾದರೆ, ಓದಲು ಅನುಕೂಲವಾಗಲೆಂದು ಟರ್ಮಿನಲ್ ಕನಿಷ್ಠ ಕಾಂಟ್ರಾಸ್ಟ್ ಕಾಯುತ್ತ ಮುನ್ನೆಲೆಯನ್ನು ತಾನೇ ತಿದ್ದುತ್ತಿದೆ. ಐಟರ್ಮ್2ರಲ್ಲಿ ಆ ಜಾರುಗುಂಡಿಯನ್ನು ಸೊನ್ನೆಗೆ ಎಳೆಯಿರಿ.

ತಂತಿಯೆಣಿಕೆ

ಸಿಕ್ಸೆಲ್ (ಟರ್ಮಿನಲ್‌ಗೆ ನಿಜವಾದ ಪಿಕ್ಸೆಲ್ ಚಿತ್ರ ಕಳಿಸುವ ವಿಧಾನ) ಹೆಸರು ಯಾರೂ ಎತ್ತಲಿಲ್ಲ. ಟರ್ಮಿನಲ್‌ಗೆ ಎಸ್ಕೇಪ್, ಎಡ ಚೌಕ ಕಂಸ, ಚಿಕ್ಕಕ್ಷರ ಸಿ ಕಳಿಸಿ. ಉತ್ತರದ ಅಂಕೆಗಳಲ್ಲಿ 4 ಇದ್ದರೆ ಸಿಕ್ಸೆಲ್ ಇದೆ. ಒಂದು ಅಕ್ಷರಕ್ಕೆ ಮೇಲಿಂದ ಕೆಳಗೆ ಆರು ನಿಜವಾದ ಪಿಕ್ಸೆಲ್, ಸೆಲ್ಲಿಗೆ ಎರಡೇ ಬಣ್ಣ ಎಂಬ ಕಟ್ಟು ಅಲ್ಲಿಲ್ಲ. ಎಕ್ಸ್‌ಟರ್ಮ್‌ನಲ್ಲಿ ವಿಟಿ340 (ಹಳೆಯದೊಂದು ಟರ್ಮಿನಲ್ ಯಂತ್ರ) ಎಂದು ಗುರುತು ಹೇಳಿಕೊಳ್ಳುವಂತೆ ಮಾಡಿದಾಗ ಬಣ್ಣದ ರಿಜಿಸ್ಟರ್‌ಗಳೂ ಆ ಯಂತ್ರದಂತೆ 16ಕ್ಕೆ ನಿಲ್ಲುತ್ತವೆ. 256 ಬಣ್ಣದ ಸಿಕ್ಸೆಲ್ ಕಳಿಸಿದರೆ ಬಣ್ಣಗಳು ಅದಲುಬದಲಾಗುತ್ತವೆ. ನಮ್‌ಕಲರ್‌ರಿಜಿಸ್ಟರ್ಸ್ ಎಂಬ ಸಂಪನ್ಮೂಲಕ್ಕೆ 256 ಕೊಡಿ, ಇಲ್ಲವೇ ಚಿತ್ರವನ್ನು 16ಕ್ಕೆ ಇಳಿಸಿ ಕಳಿಸಿ. ಬಣ್ಣದ ಬೆಲೆ ಇಲ್ಲಿ 0–255 ಅಲ್ಲ, 0–100ರ ಶೇಕಡಾವಾರು. 255 ಎಂದು ಬರೆದು ಎಲ್ಲ ಬಿಳಿಯಾಯಿತು ಎನ್ನುವ ಪ್ರಶ್ನೆಗಳಿಗೆ ಉತ್ತರ ಅದು.

ತೆರೆಚುಕ್ಕಿ

ಈಗಿನ ಕ್ರಮ ಹೀಗೆ ನಿಂತಿದೆ: ಟರ್ಮ್ ಲಿನಕ್ಸ್ ಆದರೆ 16, ▀ ▄ █ ಆಯ್ಕೆ, ಸೆಲ್ ಸಾಲಿನಲ್ಲಿ ಆಟ್ಕಿನ್ಸನ್, ಕಲರ್‌ಟರ್ಮ್‌ನಲ್ಲಿ ಟ್ರೂಕಲರ್ ಅಥವಾ 24ಬಿಟ್ ಇದ್ದರೆ ಡಿಥರ್ ಇಲ್ಲದೆ ನೇರ, ಟಿಪುಟ್ 256 ಅಂದರೆ 240, ಅರ್ಧ ಬಲದ ಹಂಚಿಕೆ, 8 ಅಥವಾ 16 ಅಂದರೆ ಓಎಸ್‌ಸಿ 4 ಕೇಳಿ ಥೀಮ್ ಬಣ್ಣ ಪಡೆದು 16. ಆಕಾಶದ ಪಟ್ಟೆ ಹೋಗಿದೆ, ಬಿಳಿಚಿಕೊಳ್ಳುವುದೂ ನಿಂತಿದೆ. ಹಿನ್ನೆಲೆ ಪಾರದರ್ಶಕವಾದ ಪಿಎನ್‌ಜಿಗೆ ಮಾತ್ರ ಅಂಚಿನಲ್ಲಿ ಕಪ್ಪು ಗೆರೆ ಉಳಿದಿದೆ.

ಬೂದುಮೆಟ್ಟಿಲು

ಅದು ಕುಗ್ಗಿಸುವ ಹಂತದ ತಪ್ಪು. ಕುಗ್ಗಿಸುವ ಮೊದಲು ಬಣ್ಣವನ್ನು ಪಾರದರ್ಶಕತೆಯ ಬೆಲೆಯಿಂದ ಗುಣಿಸಿ, ಕುಗ್ಗಿಸಿದ ಮೇಲೆ ಭಾಗಿಸಿ. ಇಲ್ಲದಿದ್ದರೆ ಕಾಣದ ಪಿಕ್ಸೆಲ್‌ಗಳಲ್ಲಿ ಅಡಗಿರುವ ಕಪ್ಪು ಸರಾಸರಿಯೊಳಗೆ ಸೇರುತ್ತದೆ. ಆಮೇಲೆ ಓಎಸ್‌ಸಿ 11ಕ್ಕೆ ಪ್ರಶ್ನಾರ್ಥಕ ಚಿಹ್ನೆ ಕೊಟ್ಟು ಟರ್ಮಿನಲ್‌ನ ಹಿನ್ನೆಲೆ ಬಣ್ಣ ತಿಳಿದುಕೊಂಡು, ಅರೆಪಾರದರ್ಶಕ ಅಂಚನ್ನು ಅದರೊಂದಿಗೆ ಬೆರೆಸಿ. ಪೂರ್ತಿ ಪಾರದರ್ಶಕವಾದ ಅರ್ಧಕ್ಕೆ 49 ಬಿಡಿ, ಕಾಣುವ ಅರ್ಧ ಕೆಳಗಿದ್ದರೆ ▄ಗೆ ಬದಲಿಸಿ.